ಟೀಚರ ಮೈಯಚ್ಚು

ನಮ್ಮ ಡ್ರಾಯಿಂಗ್ ಟೀಚರ ಎಡ ಹೆಗಲು ಬಲದ್ದಕ್ಕಿಂತ ಒಂದು ಬೆರಳು ಎತ್ತರಕ್ಕಿತ್ತು. ಕಾಯಿಲೆಯಿಂದ ಎಡ ಸ್ತನ ತೆಗೆಸಿದ ಮೇಲೆ ಹಾಗಾದದ್ದು. ಸೆರಗನ್ನು ಆ ಬದಿಗೆ ದಪ್ಪ ಮಡಚಿ ಹೊದೆಯಲು ನೆಂಟರು ಹೇಳಿಕೊಟ್ಟರೆ, "ಇಲ್ಲದ್ದನ್ನು ಉಂಟು ಅಂತ ತೋರಿಸುದು ಯಾರಿಗೆ?" ಎನ್ನುತ್ತಿದ್ದರು.

ನೆಲ್ಯಾಡಿಯ ಶಾಲೆಯಲ್ಲಿ ನನಗೆ ಕಲಿಸಿದವರು. ನಿವೃತ್ತರಾದ ಮೇಲೆ ಒಂದು ದಿನ ಮನೆಗೆ ಕರೆದು, ಬಾಗಿಲು ಹಾಕಿಸಿ, ತಮ್ಮ ಮೈಗೆಲ್ಲ ಕೆಂಪು ಬಣ್ಣ ಬಳಿಯಲು ಹೇಳಿದರು. ನಾನು ನಾಚಿ ಮುಖ ತಿರುಗಿಸಿದೆ.

"ಎಂತ ಮಾರಾಯ್ತಿ, ನೋಡದೆ ಬಳಿದ್ರೆ ಸರಿ ಬರ್ತದಾ?" ಎಂದು ಕ್ಲಾಸಿನಲ್ಲಿ ಗದರಿದಂತೆಯೇ ಗದರಿದರು. ಬಿಳಿ ಬಟ್ಟೆಯ ಮೇಲೆ ಬೋರಲು ಮಲಗಿ ಎದ್ದಾಗ ಒಂದು ಮೊಲೆ, ಹೊಟ್ಟೆ, ತೊಡೆ ಮೂಡಿದ್ದವು. ಹೊಲಿಗೆಯ ಜಾಗದಲ್ಲಿ ಬಣ್ಣ ಹತ್ತದ ಬಿಳಿ ಗೆರೆ. ಟೀಚರು ಬಹಳ ಹೊತ್ತು ನೋಡಿದರು. "ಆಸ್ಪತ್ರೆಯಲ್ಲಿ ಎಲ್ಲರೂ ನೋಡಿದ್ರು, ನಾನೊಬ್ಬಳು ಬಿಟ್ಟು."

ಪುತ್ತೂರಿನಲ್ಲಿ ಮಹಿಳಾ ದಿನದ ಚಿತ್ರಪ್ರದರ್ಶನಕ್ಕೆ ಅಂಥ ಆರು ಬಟ್ಟೆ ಒಯ್ದು ಗೋಡೆಗೆ ತೂಗುಹಾಕಿದೆವು. ಜೊತೆಗೆ ಒಂದು ಹೊಸ ಬಟ್ಟೆ, ಒಂದು ಬಕೆಟ್ ಬಣ್ಣವೂ ಇತ್ತು. ಸಂಘಟಕರೊಬ್ಬರು ಓಡಿ ಬಂದರು.

"ಟೀಚರೆ, ಮಕ್ಕಳೆಲ್ಲ ಬರುವ ಜಾಗ. ಕೈಯ ಅಚ್ಚು ಇದ್ರೆ ಅದು ಮಾತ್ರ ಹಾಕುವ, ಆಗದಾ?"

ಟೀಚರು ಒಪ್ಪಲಿಲ್ಲ. ಸಂಘಟಕರು ತಾವೇ ಬಟ್ಟೆಗಳನ್ನು ಇಳಿಸಿಬಿಟ್ಟರು. ಮತ್ತೆ ನನ್ನತ್ತ ತಿರುಗಿ, "ನೀವೂ ಇದರಲ್ಲಿ ಉಂಟಾ?" ಎಂದರು. ನನಗೆ ಗಂಡನ ಮನೆ, ಮಾವನ ಮುಖ ನೆನಪಾಯಿತು. "ಇಲ್ಲ, ನಾನು ಸಾಮಾನು ಹಿಡ್ಕೊಂಡು ಬಂದದ್ದು," ಎಂದೆ. ಟೀಚರಿಗೆ ಕೇಳಿಸಿತು.

ಅವರು ಖಾಲಿ ಗೋಡೆಯ ಕೆಳಗೆ ಹೊಸ ಬಟ್ಟೆ ಹಾಸಿ, ಉಟ್ಟ ಸೀರೆಯ ಮೇಲೆಯೇ ಬಣ್ಣ ಸುರಿದುಕೊಂಡು, ಎಲ್ಲರೆದುರು ಬೋರಲು ಮಲಗಿದರು. ಗಂಡಸರು ಹೊರಗೆ ಹೋದರು. ಬುರ್ಖಾ ತೊಟ್ಟ, ಗುರುತಿಲ್ಲದ ಬ್ಯಾರಿ ಹೆಂಗಸೊಬ್ಬರು ಮುಂದೆ ಬಂದು ಕೈಹಿಡಿದು ಎಬ್ಬಿಸಿದರು. "ನನಗೂ ಆ ಬದಿಯೇ ತೆಗೆದದ್ದು ಟೀಚರೆ," ಎಂದು ಮೆಲ್ಲಗೆ ಹೇಳಿದರು. ಎಬ್ಬಿಸಬೇಕಾದವಳು ನಾನಾಗಿದ್ದೆ. ಬಣ್ಣದ ಬಕೆಟ್ ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ.

ಕಳೆದ ವರ್ಷ ಕಾಯಿಲೆ ಮರಳಿ ಟೀಚರು ತೀರಿಕೊಂಡರು. ಆ ಬಟ್ಟೆಗಳನ್ನು ಕೇಳಲು ಹೋದರೆ ಅವರ ಅತ್ತಿಗೆ ಅಂಗಳ ತೋರಿಸಿದರು. ಅವುಗಳ ಮೇಲೆ ಕಾಳುಮೆಣಸು ಒಣಗುತ್ತಿತ್ತು.

"ಎರಡು ಸಲ ಬ್ಲೀಚ್ ಹಾಕಿ ಒಗ್ದೆ. ಎಷ್ಟು ಮಾಡಿದ್ರೂ ಕಲೆ ಪೂರಾ ಹೋಗುದಿಲ್ಲ ಮಾರಾಯ್ತಿ."

ಸಿಟ್ಟಿನಲ್ಲಿ ಮೆಣಸನ್ನು ಬದಿಗೆ ಬಾಚಿ ಒಂದು ಬಟ್ಟೆಯನ್ನು ಎತ್ತಿಕೊಂಡು ಬಂದೆ.

ಈಗ ಅದು ನಮ್ಮ ಮನೆಯಲ್ಲಿ ಟಿ.ವಿ.ಯ ಮೇಲಿನ ಗೋಡೆಯಲ್ಲಿದೆ. ಮಾವ ತಲೆ ತಗ್ಗಿಸಿ ದಾಟುತ್ತಾರೆ. ಬಂದವರು ಯಾರದ್ದು ಇದು ಎಂದು ಕೇಳುತ್ತಾರೆ. "ನನ್ನ ಟೀಚರದ್ದು. ಬಣ್ಣ ಬಳಿದದ್ದು ನಾನು," ಎನ್ನುತ್ತೇನೆ. ಅದನ್ನು ಕೇಳಿಸಿಕೊಳ್ಳಬೇಕಾದವರು ಮಾತ್ರ ಇಲ್ಲ.