ಹೊದಿಕೆಯೊಳಗೆ ಹೋದ ಚೀಟಿ

ಬೆಳಗಿನ ಬಾಂಗ್ ಮುಗಿದು ಸ್ವಲ್ಪ ಹೊತ್ತಾಗಿದೆ. ಜಾವಾದ ಮಲಾಂಗ್ ಊರಿನ ಚಳಿ ಇನ್ನೂ ಗಲ್ಲಿಯಿಂದ ಎದ್ದಿಲ್ಲ. ಲೆಂಬಾಯುಂಗ್ ಪುಸ್ತಕದಂಗಡಿಯ ಶಟರ್ ಮಾತ್ರ ಮೊಣಕಾಲೆತ್ತರಕ್ಕೆ ಎದ್ದಿದ್ದು, ಅದರಡಿಯಿಂದ ಒಂದು ಪಟ್ಟಿ ಬೆಳಕು ರಸ್ತೆಗೆ ಬಿದ್ದಿದೆ. ಒಳಗೆ, ಹಿಂಬದಿಯ ಮೇಜಿನಲ್ಲಿ ವೆನಿಂಗ್ ಕೂತಿದ್ದಾರೆ. ಸುರುಳಿಯಿಂದ ಪಾರದರ್ಶಕ ಪ್ಲಾಸ್ಟಿಕ್ ಎಳೆದು, ಪುಸ್ತಕವನ್ನು ಅದರ ಮೇಲೆ ಮಲಗಿಸಿ, ಮೂಲೆಗಳನ್ನು ಓರೆಯಾಗಿ ಕತ್ತರಿಸಿ, ಬೆನ್ನಿನ ಪಕ್ಕ ಉಗುರಿನಿಂದ ಒಂದು ಗೆರೆ ತೀಡುತ್ತಾರೆ. ಆ ಗೆರೆ ಸರಿಯಾಗಿ ಬಿದ್ದರೆ ಹೊದಿಕೆ ಉಬ್ಬುವುದಿಲ್ಲ.

ಅಂಗಡಿ ತೆರೆಯುವುದು ಒಂಬತ್ತಕ್ಕೆ. ಇಷ್ಟು ಬೇಗ ಯಾಕೆ ಎಂದು ಕೇಳಿದರೆ ಕಪಾಟುಗಳ ಕಡೆ ಗಲ್ಲ ಎತ್ತಿ ತೋರಿಸುತ್ತಾರೆ. "ಮನೇಲಿ ಕೂತು ಏನ್ ಮಾಡ್ಲಿ? ಇಲ್ಲಾದ್ರೆ ಇಷ್ಟೊಂದು ಜನ ಇದಾರೆ."

ಇಲ್ಲಿ ಪುಸ್ತಕ ಕೊಂಡವರಿಗೆ ಹೊದಿಕೆ ಬಿಟ್ಟಿ. ಇಪ್ಪತ್ತು ವರ್ಷದಿಂದ ಅದು ವೆನಿಂಗ್ ಕೆಲಸ. ರಜೆಯ ದಿನ ನೂರರ ಹತ್ತಿರ ಪುಸ್ತಕ ಅವರ ಕೈ ದಾಟುತ್ತವೆ. ಗಿರಾಕಿಗಳು ಎದುರಿಗೆ ನಿಂತು ಫೋನ್ ನೋಡುತ್ತಾರೆ, ಪುಸ್ತಕ ಇಸಿದುಕೊಂಡು ಹೋಗುತ್ತಾರೆ. "ನನ್ನ ಮುಖ ಯಾರಿಗೂ ಗೊತ್ತಿಲ್ಲ," ಎನ್ನುತ್ತಾರೆ ವೆನಿಂಗ್. "ಕೈ ಗೊತ್ತಿರ್ಬೋದು."

ಪ್ರಕಾಶಕರಿಂದ ಬರುವ ಪ್ರತಿಗಳೆಲ್ಲ ತೆಳು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಂಡೇ ಬರುತ್ತವೆ. ಗಿರಾಕಿಗಳು ತಿರುವಿ ನೋಡಲೆಂದು ಒಂದನ್ನು ಮಾತ್ರ ಬಿಚ್ಚಿಡುತ್ತಾರೆ. ಹತ್ತಾರು ಬೆರಳು ತಾಗಿ ಮಾಸಿದ ಆ ಪ್ರತಿಗಳನ್ನು ವೆನಿಂಗ್ ಮನೆಗೊಯ್ದು ಓದುತ್ತಾರೆ. ಕತೆ, ಕಾದಂಬರಿ ಮುಟ್ಟುವುದಿಲ್ಲ. "ಕತೇಲಿ ಸತ್ತೋರಿಗೂ ಅಳ್ಬೇಕು. ನನ್ನ ಪಾಲಿಂದು ನಾನು ಅತ್ತಾಗಿದೆ." ಗಂಡ ಕಾಸ್ಮಿದಿ ನೂಡಲ್ಸ್ ಗಾಡಿ ತಳ್ಳುತ್ತಿದ್ದರು. ಬಾಣಲೆಯ ಅಂಚಿಗೆ ಸೌಟು ಬಡಿಯುತ್ತ ಸಂಜೆ ಹೊರಟರೆ, ಅದೇ ಸದ್ದು ಮಾಡುತ್ತ ಗಲ್ಲಿಗೆ ಮರಳುತ್ತಿದ್ದರು. ಆರು ವರ್ಷದಿಂದ ಆ ಗಲ್ಲಿಗೆ ಆ ಸದ್ದು ಬಂದಿಲ್ಲ.

ಡಿಸೆಂಬರ್ ಬಂತೆಂದರೆ ಅಂಗಡಿಯ ಒಬ್ಬೊಬ್ಬರೂ ಆ ವರ್ಷ ತಮಗೆ ಹಿಡಿಸಿದ ಒಂದು ಪುಸ್ತಕವನ್ನು, ಕತೆಯಲ್ಲದ್ದನ್ನು, ಮುಂದಿನ ಮೇಜಿನಲ್ಲಿಟ್ಟು ಪಕ್ಕದಲ್ಲಿ ಕೈಬರಹದ ಚೀಟಿ ನಿಲ್ಲಿಸುವುದು ಪದ್ಧತಿ. ಗಲ್ಲಾಪೆಟ್ಟಿಗೆಯ ಲಿಂತಂಗ್ ನಿದ್ದೆಯ ಬಗೆಗಿನ ಪುಸ್ತಕ ಇಟ್ಟಳು. ಮಾಲೀಕ ಹಾರ್ಸೊನೊ ಎಂದಿನಂತೆ ಜ್ವಾಲಾಮುಖಿಯದು. ಪ್ರತಿ ವರ್ಷ ತಲೆಯಾಡಿಸಿ ಜಾರಿಕೊಳ್ಳುತ್ತಿದ್ದ ವೆನಿಂಗ್ ಈ ಸಲ ತಾವೇ ಒಂದು ಪುಸ್ತಕ ಹಿಡಿದು ಬಂದರು. ಜಾವಾದ ಬೀದಿ ವ್ಯಾಪಾರಿಗಳ ಸದ್ದುಗಳ ಬೆನ್ನುಹತ್ತಿ ಒಬ್ಬಾಕೆ ಬರೆದದ್ದು. ಹಬೆಯ ಕಡುಬಿನ ಗಾಡಿಯ ಸಿಳ್ಳೆ, ಐಸ್ ಗಾಡಿಯ ಗಂಟೆ, ಬಾಣಲೆಯ ಟೊಕ್ ಟೊಕ್. ಬಿಚ್ಚಿಟ್ಟದ್ದು ಬಿಟ್ಟರೆ ಮಾರಲು ಇದ್ದದ್ದು ಎರಡೇ ಪ್ರತಿ.

ಚೀಟಿಯಲ್ಲಿ ಬರೆದರು: "ಇದನ್ನು ಓದಿದ ಮೇಲೆ ಸಂಜೆ ಹೊತ್ತು ಕಿವಿ ಸುಮ್ಮನಿರುವುದಿಲ್ಲ. ನಿಮ್ಮ ಮನೆಯಲ್ಲಿ ಯಾವ ಸದ್ದಿಗೆ ಕಾಯುತ್ತಿದ್ದಿರಿ? ಬಂದು ಹೇಳಿ. ಹಿಂದಿನ ಮೇಜು. ವೆನಿಂಗ್."

ಲಿಂತಂಗ್ ಓದಿ ಕಿಸಕ್ಕೆಂದಳು. ವೆನಿಂಗ್ ಅವಳಿಗೆ 'ಬು', ಅಂದರೆ ಅಮ್ಮ. "ಏನ್ ಬು, ಇದು ಪುಸ್ತಕಕ್ಕೆ ಬರ್ದಿದ್ದೋ, ಗಂಡು ಹುಡುಕೋಕೆ ಬರ್ದಿದ್ದೋ?"

"ಗಂಡು ಸಿಕ್ಕಿದ್ರೆ ನಿಂಗೇ ಕೊಡ್ತೀನಿ, ಸುಮ್ನಿರೇ."

ಮೊದಲ ವಾರವೇ ಜಾಕೆಟ್ ಹಾಕಿದ ತರುಣನೊಬ್ಬ ಒಂದು ಪ್ರತಿ ಕೊಂಡು ಅವರೆದುರು ನಿಂತ. ಚೀಟಿಯನ್ನು ಪುಸ್ತಕದ ಮೇಲೇ ಇಟ್ಟು ತಂದಿದ್ದ. ತಮ್ಮ ಪುಸ್ತಕ ತಮ್ಮ ಕೈಗೇ ಬಂದ ಸಂಭ್ರಮದಲ್ಲಿ ವೆನಿಂಗ್ ಚೀಟಿಯ ಮೇಲೆಯೇ ಪ್ಲಾಸ್ಟಿಕ್ ಎಳೆದು, ಗೆರೆ ತೀಡಿ, ಟೇಪ್ ಹಚ್ಚಿ ಕೊಟ್ಟುಬಿಟ್ಟರು. ಸಾವಿರಾರು ಹೊದಿಕೆ ಹಾಕಿದ ಕೈ ಮಾಡಿದ ಎಡವಟ್ಟು ತಿಳಿದದ್ದು ಸಂಜೆ ಮೇಜು ಒರೆಸುವಾಗ.

"ಇನ್ನೊಂದ್ ಬರೀರಿ ಬು," ಎಂದಳು ಲಿಂತಂಗ್.

"ಬೇಡ ಬಿಡು. ಅದು ಹೋಗ್ಬೇಕಾದೋರ ಹತ್ರಾನೇ ಹೋಗಿದೆ. ಓದ್ತಾನೆ, ಬರ್ತಾನೆ."

ಮೇಜಿನ ಮಿಕ್ಕ ಪುಸ್ತಕಗಳು ಖಾಲಿಯಾಗಿ ಮತ್ತೆ ತುಂಬಿದವು. ಚೀಟಿಯಿಲ್ಲದ ಅವರ ಎರಡನೇ ಪ್ರತಿಯನ್ನು ಯಾರೂ ಎತ್ತಿ ನೋಡಲಿಲ್ಲ. ವರ್ಷದ ಕೊನೆಗೆ ಉಳಿದದ್ದು ಪ್ರಕಾಶಕರಿಗೆ ವಾಪಸ್. ವೆನಿಂಗ್ ತಮ್ಮ ಮೇಜಿನೆದುರು ಒಂದು ಕುರ್ಚಿ ತಂದು ಹಾಕಿಕೊಂಡರು. ಬಾಗಿಲು ಕಿರುಗುಟ್ಟಿದಾಗಲೆಲ್ಲ ಅವರ ಕತ್ತರಿ ನಿಲ್ಲುತ್ತಿತ್ತು.

ಪುಸ್ತಕಗಳು ವಾಪಸ್ ಹೊರಡುವ ಹಿಂದಿನ ದಿನ ಆತ ಬಂದೇ ಬಂದ. ಕೈಯಲ್ಲಿ ಚೀಟಿ.

"ಬು, ಇದು ನಿಮ್ದಾ? ಪ್ಲಾಸ್ಟಿಕ್ ಒಳಗೆ ಕಾಣ್ತಿತ್ತು, ಮೆಲ್ಲಗೆ ಎಳ್ಕೊಂಡೆ."

"ನಂದೇ. ಕೂತ್ಕೊಳ್ಳಿ. ಓದಿದ್ರಾ?"

"ಚೀಟೀನಾ?"

"ಪುಸ್ತಕ."

"ಅಯ್ಯೋ, ನಾನೆಲ್ಲಿ ಓದ್ತೀನಿ ಬು! ಮಾವನಿಗೆ ಉಡುಗೊರೆ ಕೊಟ್ಟಿದ್ದು. ಅವ್ರೂ ಹೊದಿಕೆ ಎಷ್ಟ್ ಚೆನ್ನಾಗಿದೆ ಅಂತ ಶೋಕೇಸಲ್ಲಿ ಇಟ್ಬಿಟ್ಟಿದಾರೆ. ಇದು ಬೇಕಾಗಿರತ್ತೇನೋ ಅಂತ ತಂದೆ."

ವೆನಿಂಗ್ ನಕ್ಕರು. ಆದರೂ ಕೇಳದೆ ಇರಲಾಗಲಿಲ್ಲ. "ನಿಮ್ಮನೇಲಿ ಯಾವ ಸದ್ದು ಬರ್ತಿತ್ತು, ಸಂಜೆ?"

ಆತ ಫೋನ್ ಎತ್ತಿ ತೋರಿಸಿದ. "ಈಗೆಲ್ಲ ಫೋನಲ್ಲೇ ತರಿಸ್ತೀವಲ್ಲ ಬು." ಕುರ್ಚಿಯಲ್ಲಿ ಕೂರದೆಯೇ ಹೊರಟ.

ಉಳಿದ ಪ್ರತಿಯನ್ನು ನೀವೇ ಕೊಳ್ಳಬಹುದಲ್ಲ ಎಂದರೆ ತಲೆಯಾಡಿಸುತ್ತಾರೆ. "ನಾನೇ ಕೊಂಡ್ರೆ ಯಾವ ಸದ್ದಿಗೆ ಕಾಯ್ತಿದ್ದೆ ಅಂತ ನಂಗೆ ನಾನೇ ಹೇಳ್ಕೋಬೇಕು." ವಾಪಸ್ ಹೋಗುವ ಪೆಟ್ಟಿಗೆಯಿಂದ ಅದನ್ನು ಎತ್ತಿಕೊಂಡು ಹಾರ್ಸೊನೊ ಮುಂದೆ ನಿಂತಾಗ ಅವರು ಪುಸ್ತಕ ನೋಡಲಿಲ್ಲ, ವೆನಿಂಗ್ ಮುಖ ನೋಡಿದರು. "ಇರ್ಲಿ ಬಿಡಿ. ಜನವರೀಲೂ ಇರ್ಲಿ."

ಈಗ ಮುಂದಿನ ಮೇಜಿನಲ್ಲಿ ಇರುವುದು ಅದೊಂದೇ. ಚೀಟಿಯ ನಾಲ್ಕೂ ಮೂಲೆಗೆ ಟೇಪ್ ಹಚ್ಚಿ ವೆನಿಂಗ್ ಅದನ್ನು ಮೇಜಿಗೇ ಅಂಟಿಸಿದ್ದಾರೆ. "ಚೆನ್ನಾಗಿಲ್ಲ ಅಂತ ಬಂದು ಬೈದ್ರೂ ಆಯ್ತು," ಎನ್ನುತ್ತಾರೆ. "ಕುರ್ಚಿ ಇದೆ. ಕೂತ್ಕೊಂಡು ಬೈಲಿ."

ಶಟರ್ ಇಳಿಸುವ ಹೊತ್ತಿಗೆ ದೂರದ ತಿರುವಿನಿಂದ ಟೊಕ್ ಟೊಕ್ ಕೇಳಿಸುತ್ತದೆ. ಕತ್ತರಿ ನಿಲ್ಲುತ್ತದೆ. ವೆನಿಂಗ್ ಕತ್ತು ಓರೆ ಮಾಡಿ ಕೇಳುತ್ತಾರೆ.

"ಇದು ಬೇರೆಯೋರದು."

ಕತ್ತರಿ ಮತ್ತೆ ಪ್ಲಾಸ್ಟಿಕ್ಕಿನ ಮೇಲೆ ಹರಿಯುತ್ತದೆ.