ಚಂಚಿಯೊಳಗಿನ ಬಂಡಿಗಳು

ಆಗ ನನಗೆ ಐವತ್ತೆಂಟು. ಹನ್ನೆರಡು ವರ್ಷದ ಹಿಂದಿನ ಮಾತು. ಮೊನ್ನೆ ಎದುರು ಮನೆಯವಳ ಸೊಸೆ ಬಂದು, ಅತ್ತೆಯ ಎಲೆಯಡಿಕೆ ಚಂಚಿಯನ್ನು ನನ್ನ ಮುಂದೆ ಇಟ್ಟು ಹೋದಳು. ಬಿಚ್ಚಿದರೆ ಸುಣ್ಣ, ತಂಬಾಕಿನ ವಾಸನೆ. ತಳದಲ್ಲಿ ಹುಳ ತಿಂದ ಐದಾರು ಗೋವಿನಜೋಳದ ಕಾಳು. ಅವು ಅಲ್ಲಿ ಯಾಕಿವೆ ಎಂದು ಸೊಸೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಜುಗೂಳದ ಕಡೆ ತಿರುಗುವ ಕ್ರಾಸಿನಲ್ಲಿ ನನ್ನ ಮನೆ, ಮನೆಯ ಮುಂದೆಯೇ ಚಹಾದ ಅಂಗಡಿ. ಆ ವರ್ಷ ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಒಬ್ಬ ಹುಡುಗಿ ಬಂದಳು. ಪಿಎಚ್‌ಡಿ ಅಂದಳು. ರಸ್ತೆ ಕಟ್ಟುವುದಲ್ಲ, ರಸ್ತೆಯ ಮೇಲೆ ಏನು ಹೋಗುತ್ತದೆ, ಎಷ್ಟು ಹೋಗುತ್ತದೆ, ಎಷ್ಟು ಜೋರಾಗಿ ಹೋಗುತ್ತದೆ, ಅದೇ ಅವಳ ಓದು.

“ಅಜ್ಜಿ, ಕಬ್ಬಿನ ಟ್ರ್ಯಾಕ್ಟರ್ ಎಷ್ಟು, ಎತ್ತಿನ ಬಂಡಿ ಎಷ್ಟು, ಆರು ದಿನ ಎಣಿಸಿ ಕೊಡ್ತೀರೇನ್ರಿ? ಬಂಡಿ ಭಾಳ ಇದ್ರ, ರಸ್ತೆ ಮಗ್ಗಲಿಗೆ ಅವಕ್ಕ ಬ್ಯಾರೆ ಜಾಗ ಬಿಡಬೇಕಂತ ಬರೀತೀನಿ.”

“ಚಹಾ ಕಾಸೂದು ಬಿಟ್ಟು ಗಾಡಿ ಎಣಸ್ಕೋತ ಕುಂದ್ರಲೇನು?” ಅಂದೆ. ಇನ್ನೊಮ್ಮೆ ಕೇಳುತ್ತಾಳೆ, ಆಗ ಹೂಂ ಅನ್ನೋಣ ಎಂದುಕೊಂಡಿದ್ದೆ. ಕೇಳಲಿಲ್ಲ. ರಸ್ತೆ ದಾಟಿ ಎದುರು ಮನೆಗೆ ಹೋದಳು. ಎದುರು ಮನೆಯವಳು ನಗುತ್ತ ಒಪ್ಪಿದಳು.

ಎದುರು ಮನೆಯವಳಿಗೆ ಅಕ್ಷರ ಬರುತ್ತಿರಲಿಲ್ಲ. ಕಾಗದದಲ್ಲಿ ಗೆರೆ ಎಳೆಯಲು ಕೊಟ್ಟರೆ ಗೆರೆಯ ಮೇಲೆ ಗೆರೆ ಬಿದ್ದವು. ಕಡೆಗೆ ತಾನೇ ಎರಡು ಬಟ್ಟಲು ತಂದು ಬೇವಿನ ಕಟ್ಟೆಯ ಮೇಲೆ ಕುಳಿತಳು. ಟ್ರ್ಯಾಕ್ಟರ್ ಹೋದರೆ ಒಂದು ಬಟ್ಟಲಿಗೆ ಹುಣಸೆಬೀಜ, ಬಂಡಿ ಹೋದರೆ ಇನ್ನೊಂದಕ್ಕೆ ಗೋವಿನಜೋಳ. ಕಾಲುತಾಸಿಗೊಮ್ಮೆ ಹುಡುಗಿ ಬಂದು ಎಣಿಸಿ ಬರೆದುಕೊಂಡು ಬಟ್ಟಲು ಬರಿದು ಮಾಡುವಳು. ಉಳಿದ ಹೊತ್ತು ದೂರ ನಿಂತು, ಪಿಸ್ತೂಲಿನಂಥದ್ದೇನೋ ಹಿಡಿದು ಗಾಡಿಗಳ ವೇಗ ನೋಡುವಳು. ಮಧ್ಯಾಹ್ನ ಇಬ್ಬರೂ ಒಂದೇ ಬುತ್ತಿ ಬಿಚ್ಚುವರು. “ಮೌಶಿ, ಪುಂಡಿಪಲ್ಯ ಹಾಕ್ರಿ” ಎಂದು, ಸ್ವಂತ ಚಿಕ್ಕಮ್ಮನನ್ನು ಕರೆದ ಹಾಗೆ, ಹುಡುಗಿ ಕೇಳುವುದು ನನ್ನ ಒಲೆಯ ತನಕ ಕೇಳಿಸುತ್ತಿತ್ತು. ಆ ಕ್ರಾಸಿನಲ್ಲಿ ಮೂವತ್ತು ವರ್ಷ ಕುಳಿತವಳು ನಾನು. ಯಾವ ಟ್ರ್ಯಾಕ್ಟರ್ ಯಾವ ಊರಿನದು ಎಂದು ಸದ್ದಿನ ಮೇಲೆ ಹೇಳುವವಳು ನಾನು. ನನ್ನನ್ನು ಯಾರೂ ಇನ್ನೊಮ್ಮೆ ಕೇಳಲಿಲ್ಲ. ಹೊಟ್ಟೆ ಉರಿಯಿತು, ಅದನ್ನು ಮುಚ್ಚಿ ಏನಾಗಬೇಕು?

ಮೊದಲ ದಿನವೇ ಎದುರು ಮನೆಯವಳ ತಪ್ಪು ನನ್ನ ಕಣ್ಣಿಗೆ ಬಿತ್ತು. ನಮ್ಮ ಮನೆಗಳಲ್ಲಿ ಕಣದಲ್ಲಿ ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಅದನ್ನು ದೇವರ ಪಾಲೆಂದು ಮಗ್ಗಲಿಗೆ ಸುರಿಯುತ್ತೇವೆ. ಬಟ್ಟಲು ಬರಿದಾದಾಗಲೆಲ್ಲ ಅವಳೂ ಮೊದಲ ಕಾಳಿಗೆ “ಲಾಭ” ಎಂದು ಚಂಚಿಗೆ ಹಾಕಿ, ಆಮೇಲಿನದನ್ನು ಬಟ್ಟಲಿಗೆ ಹಾಕುತ್ತಿದ್ದಳು. ಟ್ರ್ಯಾಕ್ಟರಿನಲ್ಲಿ ಒಂದು ಹೋದರೆ ತಿಳಿಯುವುದಿಲ್ಲ. ಆದರೆ ಕಾಲುತಾಸಿಗೆ ಬರುವುದೇ ಒಂದೋ ಎರಡೋ ಬಂಡಿ...

ನೋಡಿದೆ. ಸುಮ್ಮನಿದ್ದೆ. ಐದು ದಿನ ಸುಮ್ಮನಿದ್ದೆ.

ಐದನೆಯ ದಿನ ಸಂಜೆ ಹುಡುಗಿ ಬಟ್ಟಲು ನೋಡಿ ನಿಂತಳು. “ಮೌಶಿ, ಈಗ ಒಂದು ಬಂಡಿ ಹೋತಲ್ರಿ, ನಾನೇ ನೋಡೀನಿ. ಕಾಳ ಎಲ್ಲಿ?”

“ಅದು ಲಾಭ ಅಲ್ಲೇನವ್ವಾ” ಎಂದು ಚಂಚಿ ತೋರಿಸಿದಳು.

ಹುಡುಗಿ ಕಟ್ಟೆಯ ಮೇಲೆ ಕುಸಿದಳು. ನಾಡಿದ್ದು ಸಕ್ಕರೆ ಕಾರ್ಖಾನೆ ಬಂದ್. ಲೆಕ್ಕ ಕೆಟ್ಟರೆ ಅವಳ ಸರ್ ಒಪ್ಪುವುದಿಲ್ಲ. ಮುಂದಿನ ಹಂಗಾಮಿನ ತನಕ, ಒಂದು ವರ್ಷ ಕಾಯಬೇಕು. ಹುಡುಗಿಯ ಕಣ್ಣಲ್ಲಿ ನೀರು. ಎದುರು ಮನೆಯವಳ ಮುಖ ಸುಣ್ಣದಂತಾಯಿತು.

ನಾನು ಕೆಟಲು ಹಿಡಿದು ಹೋದೆ. “ನಾ ಮೊದಲನೇ ದಿನಾನ ನೋಡೀನಿ. ಇದೂ ಪಿಎಚ್‌ಡಿ ಪದ್ಧತಿ ಇರಬೇಕು ಅಂದ್ಕೊಂಡೆ.”

“ನೋಡಿ ಸುಮ್ನ ಇದ್ದೇನಬೇ?” ಅಂದಳು ಎದುರು ಮನೆಯವಳು.

“ನಿನಗ ಮೌಶಿ, ನನಗ ಅಜ್ಜಿ! ನಿನಗಿಂತ ಎರಡು ವರ್ಷ ಸಣ್ಣಾಕಿ ನಾ. ನಾ ಯಾಕ ಹೇಳ್ಲಿ?”

ಅವಳು ಚಂಚಿಯನ್ನು ಕಟ್ಟೆಯ ಮೇಲೆ ಬೋರಲು ಮಾಡಿದಳು. “ಒಂದ ಕಾಳ ಸೈತ ಚೆಲ್ಲಿಲ್ಲವ್ವಾ. ಐದು ದಿನದ್ದೂ ಇದರಾಗ ಐತಿ.” ಹುಡುಗಿ ಕಣ್ಣೊರೆಸಿಕೊಂಡು ಎಣಿಸಿದಳು. ತಪ್ಪಿಹೋದ ಬಂಡಿಗಳೆಲ್ಲ ಅಲ್ಲೇ ಇದ್ದವು. “ಇನ್ನ ಒಂದು ದಿನ ಸರಿಯಾಗಿ ಎಣಿಸಿ ತಾಳೆ ನೋಡಿದ್ರ ಸಾಕು” ಅಂದಳು. ಎದುರು ಮನೆಯವಳು ಕಾಳನ್ನು ಮತ್ತೆ ಚಂಚಿಗೆ ತುಂಬಿಕೊಂಡು ಎದ್ದಳು. “ನನ್ನ ಕೈಲೆ ಆಗೂದಿಲ್ಲ. ಬಲ್ಲಾಕಿ ಅದಾಳಲ್ಲ, ಅಕಿನ್ನ ಕುಂದ್ರಸ್ಕೋ.”

ಎರಡು ವರ್ಷದ ಮೇಲೆ ಹುಡುಗಿ ಡಾಕ್ಟರ್ ಆಗಿ ಬಂದು, ಎದುರು ಮನೆಗೆ ಒಂದು ದಪ್ಪ ಪುಸ್ತಕ ಕೊಟ್ಟುಹೋದಳು. ಎದುರು ಮನೆಯವಳು ಅದನ್ನು, ಎರಡನೇ ತರಗತಿ ತನಕ ಕಲಿತ ನನ್ನ ಹತ್ತಿರ ತಂದಳು. ಎಲ್ಲ ಇಂಗ್ಲಿಷ್. ಒಂದು ಪುಟದಲ್ಲಿ ಬಟ್ಟಲು ಹಿಡಿದ ಅವಳ ಫೋಟೋ, ಕೆಳಗೆ ಕನ್ನಡದಲ್ಲಿ ಅವಳ ಹೆಸರು. ಅಕ್ಷರ ಕೂಡಿಸಿ ಓದಿ ಹೇಳಿದೆ.

“ನಿಂದ ಎಲ್ಲೈತಿ?” ಅಂದಳು.

“ಚಹಾ ಕುಡದು ಹೋಗು” ಅಂದೆ.

ಈ ಶ್ರಾವಣದಲ್ಲಿ ಅವಳು ತೀರಿಹೋದಳು. ಹೊಟ್ಟೆಕಿಚ್ಚು ಪಡುವುದಕ್ಕೂ ಈಗ ಎದುರಿಗೆ ಯಾರೂ ಇಲ್ಲ. ಅವಳಿಗೆ ಒಂದು ಮಾತು ಹೇಳುವುದಿತ್ತು. ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹನ್ನೆರಡು ವರ್ಷ ಹೇಳಲಿಲ್ಲ...

ಅಂದು ಅವಳು ಬೇವಿನ ಕಟ್ಟೆಯಿಂದ ಎದ್ದುಹೋದ ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚದೆ ಹೋಗಿ ಅವಳ ಜಾಗದಲ್ಲಿ ಕುಳಿತೆ. ಮೊದಲ ಬಂಡಿ ಬಂತು. ಕಾಳು ತೆಗೆದುಕೊಂಡೆ. ಬಾಯಿ “ಲಾಭ” ಅಂದಿತು, ಕೈ ತಾನೇ ನನ್ನ ಸೊಂಟದ ಚಂಚಿಗೆ ಹೋಯಿತು. ಹುಡುಗಿ ದೂರದಲ್ಲಿ ಬೆನ್ನು ಮಾಡಿ ನಿಂತಿದ್ದಳು. ಎದುರು ಮನೆಯ ಬಾಗಿಲು ಮುಚ್ಚಿತ್ತು. ಚಂಚಿಯಿಂದ ಕಾಳನ್ನು ಹೊರಗೆ ತೆಗೆದು, ಸದ್ದಾಗದ ಹಾಗೆ ಬಟ್ಟಲಲ್ಲಿ ಇಟ್ಟೆ.