ಏನನ್ನೂ ತೆಗೆದುಕೊಳ್ಳಬಾರದೆಂಬ ನಿಯಮ

ನಮ್ಮ ಸಂಶೋಧನಾ ಸಂಸ್ಥೆ ಎಂದರೆ ದೊಡ್ಡ ಕಟ್ಟಡವೆಂದು ಯಾರೂ ತಿಳಿಯಬಾರದು. ವಿಶ್ವವಿದ್ಯಾಲಯದವರು ರಾಜಾಜಿನಗರದಲ್ಲಿ ಬಾಡಿಗೆಗೆ ಹಿಡಿದಿದ್ದ ಮನೆಯೊಂದರ ಮಹಡಿ, ಅಷ್ಟೇ. ಕೆಳಗೆ ಮಾಲೀಕರ ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಬಿದ್ದರೆ ಮೇಲೆ ಸಾಮಾಜಿಕ ನ್ಯಾಯದ ಚರ್ಚೆ ನಿಂತು ಎಲ್ಲರೂ ಕೆಮ್ಮುತ್ತಿದ್ದೆವು. ನಾನು ಟೈಪಿಸ್ಟ್ ಆಗಿ ಸೇರಿದವನು. ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಲೈಬ್ರರಿಯಲ್ಲಿ ಸಿಕ್ಕಿದ್ದನ್ನೆಲ್ಲ ಓದಿ, ಅರ್ಥವಾದದ್ದಕ್ಕಿಂತ ಹೆಚ್ಚು ಮಾತಾಡುತ್ತಿದ್ದೆ. ನಮ್ಮ ಮೇಷ್ಟ್ರಿಗೆ, ಅಂದರೆ ಸಂಸ್ಥೆಯ ಮುಖ್ಯಸ್ಥರಿಗೆ, ಅದು ಹೇಗೋ ಹಿಡಿಸಿಬಿಟ್ಟಿತು. ಟೈಪ್‌ರೈಟರ್ ಬಿಡಿಸಿ ಹಳ್ಳಿ ಸರ್ವೆಗೆ ಕಳಿಸಿದರು. ಜೊತೆಗೆ ಧಾರವಾಡದ ಕಡೆಯ ಒಬ್ಬ ಅಕ್ಕ, ನಿಜವಾದ ಸಂಶೋಧಕಿ.

ಎಪ್ಪತ್ತರ ದಶಕದ ಒಂದು ಬೇಸಿಗೆ. ಬ್ಯಾಡರಹಳ್ಳಿ ದಾಟಿ ಬಹಳ ದೂರ ನಡೆದರೆ ಸಿಗುತ್ತಿದ್ದ ಊರು. ಅಲ್ಲಿನ ದಲಿತರ ಕೇರಿಯವರು ಊರ ಬಾವಿಗೆ ಕೊಡ ಇಳಿಸುವಂತಿರಲಿಲ್ಲ. ಯಾರಾದರೂ ಸೇದಿ ಹೊಯ್ಯುವವರೆಗೆ ಹೆಂಗಸರು ದೂರ ನಿಂತು ಕಾಯಬೇಕು. ಕೇರಿಗೊಂದು ಬಾವಿ ಬೇಕೆಂಬ ಮಾತು ಸರ್ಕಾರದ ಮುಂದಿತ್ತು. ಊರಿನ ಯಜಮಾನರು ಮಾತ್ರ ತಮ್ಮಲ್ಲಿ ಅಂಥ ಭೇದವೇ ಇಲ್ಲ ಎಂದುಬಿಟ್ಟಿದ್ದರು. ನಿಜ ತಿಳಿದು ವರದಿ ಕೊಡಿ ಎಂದು ಸರ್ಕಾರ ನಮ್ಮ ಸಂಸ್ಥೆಗೆ ಹೇಳಿತ್ತು. ಕೇರಿಯವರು ತಮ್ಮ ಬಾಯಿಂದಲೇ ನಮಗೆ ಹೇಳಿದರೆ ಬಾವಿ. ಹೇಳದಿದ್ದರೆ ಇಲ್ಲ.

ಮೇಷ್ಟ್ರದ್ದು ಒಂದು ನಿಯಮವಿತ್ತು. ಸರ್ವೆಗೆ ಹೋದ ಮನೆಯಲ್ಲಿ ಏನನ್ನೂ ತೆಗೆದುಕೊಳ್ಳಬಾರದು. ಯಜಮಾನರ ಮನೆಯಲ್ಲಿ ಉಂಡು ಯಜಮಾನರ ಪರವಾಗಿ ಬರೆದವರನ್ನು ಅವರು ಕಂಡಿದ್ದರಂತೆ. ಬಡವರ ಮನೆಯಲ್ಲಂತೂ ಅವರ ಪಾಲನ್ನೇ ಕಿತ್ತುಕೊಂಡ ಹಾಗೆ.

ಕೇರಿಯ ಮೊದಲ ಮನೆ ಒಬ್ಬ ಅಜ್ಜಿಯದು. ಅಜ್ಜಿ ಹೇಳಿದ್ದೇ ಕೇರಿಯ ಮಾತು. ಚಾಪೆ ಹಾಸಿ, ತಿಕ್ಕಿ ಬೆಳಗಿದ ಚೊಂಬಿನಲ್ಲಿ ನೀರು, ಒಂದು ಚೂರು ಬೆಲ್ಲ ತಂದಿಟ್ಟರು. ಅಕ್ಕ ಕೈಮುಗಿದು ಬೇಡವೆಂದರು. ನಾನೂ ಬೇಡವೆಂದೆ. ಆಮೇಲೆ ಅಕ್ಕ ಕೇಳಿದರು, ಬಾವಿಯ ಹತ್ತಿರ ನಿಮ್ಮನ್ನು ಬೇರೆಯಾಗಿ ನೋಡುತ್ತಾರಾ ಎಂದು.

ಅಜ್ಜಿ ಚೊಂಬು ಎತ್ತಿಕೊಂಡರು. "ಇಲ್ಲ ಕಣವ್ವ. ನಮ್ಮೂರಾಗೆ ಅಂಥದ್ದೇನೂ ಇಲ್ಲ. ಹೋಗ್ಬನ್ನಿ."

ಮುಂದಿನ ಮನೆಗಳಲ್ಲೂ ಅದೇ ಉತ್ತರ. ಯಜಮಾನರು ಹೆದರಿಸಿದ್ದಾರೆ, ಇದು ಊಳಿಗಮಾನ್ಯ ವ್ಯವಸ್ಥೆ ಎಂದು ವಾಪಸು ಬರುವಾಗ ಬಸ್ಸಿನ ತುಂಬ ಭಾಷಣ ಮಾಡಿದೆ. ಕಿಟಕಿಯ ಆಚೆ ನೋಡುತ್ತಿದ್ದ ಅಕ್ಕ ತಿರುಗಿದರು.

"ಯಾರೂ ಹೆದರಿಸಿಲ್ಲೋ ತಮ್ಮಾ. ನಾವು ನೀರ್ ಕುಡೀಲಿಲ್ಲಲ್ಲ. ಊರಾನ ಮಂದೀನೂ ಅವರ ಮನ್ಯಾಗ ಕುಡಿಯೂದಿಲ್ಲ."

ನಾನು ಸರ್ವೆಯ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದೆ.

ಮೇಷ್ಟ್ರು ವಿಷಯ ಕೇಳಿ ಬಹಳ ಹೊತ್ತು ಕನ್ನಡಕ ಒರೆಸಿದರು. ಅವರ ಕಾಳಜಿ ಸುಳ್ಳಲ್ಲ ಎಂದು ನಾನು ಈಗಲೂ ವಾದಿಸುತ್ತೇನೆ. ಬಾವಿಯ ಹತ್ತಿರ ಅಷ್ಟು ಹೊತ್ತು ಕಾದು ತಂದ ನೀರನ್ನು ಕುಡಿಯಲು ಯಾರಿಗೆ ಮನಸ್ಸು ಬರುತ್ತದೆ? ಮರುದಿನ ಅವರೇ ನಮ್ಮ ಜೊತೆ ಬಂದರು. ಅಜ್ಜಿಯ ಬಾಗಿಲಲ್ಲಿ ನಿಂತು, ನಿಯಮ ಮಾಡಿದ್ದು ತಾನೆಂದು ಹೇಳಿ, ಕುಡಿಯಲು ನೀರು ಕೇಳಿದರು.

"ಇವತ್ತು ಕುಡಿಯಾದು ನಿಮ್ ಕೆಲ್ಸ ಆಗ್ಲಿ ಅಂತ ಸ್ವಾಮಿ," ಎಂದರು ಅಜ್ಜಿ. "ಬಾಯಾರಿ ಅಲ್ಲ."

"ಹೌದಮ್ಮ," ಎಂದರು ಮೇಷ್ಟ್ರು.

ಅಜ್ಜಿ ಅವರನ್ನೇ ನೋಡಿದರು. ನೀರು ತರಲಿಲ್ಲ, ಹೋಗಿ ಎನ್ನಲೂ ಇಲ್ಲ. ಜಗಲಿಯ ಮೇಲೆ ಕೂರಿಸಿ ತಾವೇ ಪ್ರಶ್ನೆ ಕೇಳತೊಡಗಿದರು. ನೀವು ಯಾವ ಜನ? ನಿಮ್ಮ ಮನೆಯಲ್ಲಿ ಅಡುಗೆ ಯಾರದು? ನಿಮ್ಮ ಆಫೀಸಿನಲ್ಲಿ ಇಂಥ ಕೇರಿಯಿಂದ ಬಂದವರು ಯಾರಿದ್ದಾರೆ? ಕಸ ಗುಡಿಸುವವರೊಬ್ಬರಿದ್ದಾರೆ ಎಂದು ಮೇಷ್ಟ್ರು ತಗ್ಗಿದ ದನಿಯಲ್ಲಿ ಹೇಳಿದರು. ಅಕ್ಕ ನೆಲ ನೋಡಿದರು.

"ಅಂಗಾರೆ ನಿಮ್ಮ ಆಫೀಸ್ನಾಗೂ ಅಂಥದ್ದೇನೂ ಇಲ್ಲ ಅನ್ನಿ," ಎಂದು ಅಜ್ಜಿ ನಕ್ಕರು. ಆಮೇಲೆ ಒಳಗಿದ್ದ ಸೊಸೆಯನ್ನು ಕರೆದರು. "ಬಾರೇ, ಬಾವಿ ತಾವ ಏನೇನಾಯ್ತದೆ ಹೇಳು. ಸುಳ್ಳು ಹೇಳ್ದೆ ಇರೋರ್ ಥರ ಕಾಣ್ತಾರೆ."

ಹೊತ್ತು ನೆತ್ತಿಗೇರುವವರೆಗೆ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಹೇಳಿದರು. ವರದಿಯಲ್ಲಿ ಅಜ್ಜಿಯ ಪ್ರಶ್ನೆಗಳನ್ನೂ ನಮ್ಮ ಉತ್ತರಗಳನ್ನೂ ಸೇರಿಸಬೇಕೆಂದು ಮೇಷ್ಟ್ರು ಹಟ ಹಿಡಿದರು. ಸಂಸ್ಥೆಯಲ್ಲಿ ಕೆಲವರಿಗೆ ಮುಖ ಕೆಂಪಾಯಿತು. ನಾನು ಖುಷಿಯಿಂದ ಟೈಪ್ ಮಾಡಿದೆ.

ಕೇರಿಗೆ ಬಾವಿ ಮಂಜೂರಾಗಿ ತೋಡುವ ಕೆಲಸ ಶುರುವಾದ ದಿನ ಮೂವರೂ ನೋಡಲು ಹೋದೆವು. ಕೇರಿಗೆ ಕೇರಿಯೇ ಮಂಕರಿ ಬುಟ್ಟಿಗಳಲ್ಲಿ ಮಣ್ಣು ಹೊರುತ್ತಿತ್ತು. ಮೇಷ್ಟ್ರು ಗುಂಡಿಯ ಅಂಚಿನಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದರು.

"ಮಾತು ಆಮ್ಯಾಕೆ," ಎಂದರು ಅಜ್ಜಿ. "ಮಂಕರಿ ಇಡ್ಕಳಿ."

ಅಕ್ಕ ಆಗಲೇ ಸೆರಗು ಸಿಕ್ಕಿಸಿಕೊಂಡು ಸಾಲಿಗೆ ನಿಂತಿದ್ದರು.